ಇಳಿಯದ ಗೆರೆ

“ಈ ಮನೆಯಲ್ಲಿ ನನ್ನಷ್ಟು ದಣಿಯೋರು ಯಾರಿದ್ದಾರೆ? ಇವತ್ತು ವಿಜ್ಞಾನವೇ ಸಾಕ್ಷಿ ಹೇಳುತ್ತೆ!” ಎಂದು ರಜಾದಿನದ ಬೆಳಿಗ್ಗೆ ಕುರ್ಚಿಗೆ ಒರಗಿಕೊಂಡೇ ಘೋಷಿಸಿದರು ನಮ್ಮ ವಿಜ್ಞಾನಿ ಮಹಾಶಯರು. ಕೂತಲ್ಲೇ ಒಂದು ಆಕಳಿಕೆಯೂ ಬಂತು ಅನ್ನಿ.

ಸಾಧನೆಯೇನೂ ಸಾಮಾನ್ಯದ್ದಲ್ಲ. ಒಣಗಿದ ಹೀರೆಕಾಯಿಯ ನಾರಿಗೆ ಇದ್ದಿಲ ಪುಡಿ ಬಳಿದು, ಚಪ್ಪಲಿಯೊಳಗೆ ಕೂರಿಸುವ ಮೆತ್ತೆ ಮಾಡಿದ್ದರು. ಹೂವಿನಷ್ಟು ಹಗುರ, ಹೇಗೆ ಬೇಕಾದರೂ ಬಾಗುತ್ತದೆ, ಮಣ್ಣಿಗೆ ಹಾಕಿದರೆ ಮಣ್ಣಾಗುತ್ತದೆ. ಪಾದದ ಒತ್ತಡ ಅಳೆಯುವುದೇ ಅದರ ಕೆಲಸ: ನಿಂತರೆ ಫೋನಿನಲ್ಲಿ ಗೆರೆ ಏರುತ್ತದೆ, ಕೂತರೆ ಇಳಿಯುತ್ತದೆ. ಚೆನ್ನಾಗಿ ತುಳಿದರೂ ಅದು ಬಾಳುತ್ತದೆಂದು ಮರುದಿನ ಸಂಸ್ಥೆಯ ನಿರ್ದೇಶಕರಿಗೆ ತೋರಿಸಬೇಕು. ಇಲ್ಲದಿದ್ದರೆ ಯೋಜನೆಗೆ ಎಳ್ಳುನೀರು! ಅದಕ್ಕೇ ಒಂದು ಜೊತೆ ತಮಗೆ, ಒಂದು ಜೊತೆ ಹೆಂಡತಿಗೆ.

“ಇದೇನ್ರೀ, ಪಾತ್ರೆ ಉಜ್ಜೋ ನಾರನ್ನ ಕಾಲಿಗೆ ಕೊಡ್ತೀರಾ?”

“ನಾರಲ್ಲ ಕಣೇ, ನಾಳಿನ ತಂತ್ರಜ್ಞಾನ!”

“ಆಯ್ತು, ಸ್ವಲ್ಪ ಕಾಲೆತ್ತಿ. ಕೆಳಗೆ ಗುಡಿಸಬೇಕು.”

ಮಧ್ಯಾಹ್ನ ಫೋನು ನೋಡಿದ ಮಹಾಶಯರು ಅದನ್ನು ಕಣ್ಣಿನ ಹತ್ತಿರಕ್ಕೇ ಹಿಡಿದರು. ಹೆಂಡತಿಯ ಗೆರೆ ಬೆಳಿಗ್ಗೆ ಏರಿದ್ದು ಇಳಿದೇ ಇಲ್ಲ! ನೀರು ತಗುಲಿ ಕೆಟ್ಟಿರಬೇಕು, ಇನ್ನೇನು? ಅವಳ ಚಪ್ಪಲಿ ಬಿಚ್ಚಿಸಿ, ಕತ್ತರಿ ಹಿಡಿದು, ಎರಡೂ ಮೆತ್ತೆಗಳ ಹೊಟ್ಟೆ ಬಗೆದರು. ಒಳಗೆ ಎಲ್ಲವೂ ನೆಟ್ಟಗಿತ್ತು.

ಗಾಬರಿಯಾಗಿ ಸಹೋದ್ಯೋಗಿಗೆ ಫೋನಾಯಿಸಿದರು. ಆತ ನಿದ್ದೆಗಣ್ಣಲ್ಲೇ, “ಗೆರೆ ಇಳೀಬೇಕಾದ್ರೆ ಅವರು ಕೂರಬೇಕಲ್ಲಯ್ಯಾ! ಕೂತಿದ್ರಾ?” ಎಂದ.

ಮಹಾಶಯರು ಹೆಂಡತಿಯತ್ತ ತಿರುಗಿದರು. “ಇವತ್ತು ನೀನು ಯಾವಾಗ ಕೂತೆ?”

ಅವಳು ಒದ್ದೆ ಕೈಯನ್ನು ಸೊಂಟಕ್ಕಿಟ್ಟು ಯೋಚಿಸಿದಳು. “ಒಂದ್ಸಲ ಕೂರೋಣ ಅಂತ ಹೋದೆ. ಅಷ್ಟರಲ್ಲಿ ನಿಮಗೆ ಕಾಫಿ ಬೇಕಾಯ್ತು.”

ಒಳ್ಳೆಯ ಮೆತ್ತೆಯನ್ನು ಕೈಯಾರೆ ಹಾಳು ಮಾಡಿದ್ದಾಯಿತು. ಉಳಿದದ್ದು ಮಹಾಶಯರದೇ ಒಂದು ಜೊತೆ; ಅದರ ಗೆರೆಯೋ, ಬೆಳಗಿನಿಂದ ಹಾಸಿಗೆ ಹಿಡಿದಂತೆ ಮಲಗಿತ್ತು!

“ಇನ್ನು ನನ್ನ ಗತಿ ಏನೇ? ನಾಳೆ ನಿರ್ದೇಶಕರಿಗೆ ಏನು ತೋರಿಸಲಿ?”

“ನಿಮ್ಮದು ಹೊಸದಾಗೇ ಇದೆಯಲ್ಲ, ಹಾಕ್ಕೊಂಡು ಏಳಿ. ಪಾತ್ರೆ ಇದೆ, ಬಟ್ಟೆ ಇದೆ, ನೆಲ ಒರೆಸಬೇಕು, ಅಡುಗೆ ಆಗಬೇಕು. ಎಲ್ಲಾ ವಿಜ್ಞಾನಕ್ಕೋಸ್ಕರ!”

ಎದ್ದರು, ಪಾಪ. ಸೊಂಟ ಕಳಚಿ ಬಂತು, ಹಿಮ್ಮಡಿ ಧಗಧಗ ಉರಿಯಿತು, ಗೆರೆ ಮಾತ್ರ ಮುಗಿಲು ಮುಟ್ಟಿತು. ದಣಿವೆಂದು ತಾವು ಇಷ್ಟು ವರ್ಷ ಹೇಳಿಕೊಂಡದ್ದು ಬರೀ ಸೋಮಾರಿತನವೆಂದು ಅವರಿಗೇ ಅನ್ನಿಸಿಬಿಟ್ಟಿತು.

ಮರುದಿನ ನಿರ್ದೇಶಕರು ಗೆರೆ ನೋಡಿ ಬೆರಗಾದರು. “ಭೇಷ್! ಇಷ್ಟು ತುಳಿದರೂ ಮೆತ್ತೆ ಜಗ್ಗಿಲ್ಲ! ಯಾವ ಕಾರ್ಖಾನೆಯ ಆಳಿನ ಕಾಲ್ರೀ ಇದು?”

“ನಂದೇ ಸರ್.”

“ಹಾಗಾದ್ರೆ ಯೋಜನೆ ಮುಂದುವರೀಲಿ. ಇನ್ನೊಂದು ವರ್ಷ, ದಿನಾ, ಇದೇ ಕಾಲಿಂದ ಇಂಥದ್ದೇ ಗೆರೆ ಬರಬೇಕು!”

ಮನೆಗೆ ಬಂದು ಸುದ್ದಿ ಹೇಳುವಾಗ ಮಹಾಶಯರ ಧ್ವನಿ ಬಾವಿಯೊಳಗಿಂದ ಬಂದಂತಿತ್ತು. ಹೆಂಡತಿ ಪೂರ್ತಿ ಕೇಳಿಸಿಕೊಂಡಳು. ಪೊರಕೆಯನ್ನು ಅವರ ಕೈಗಿತ್ತು, ಅವರದೇ ಕುರ್ಚಿಯಲ್ಲಿ ಉಸ್ಸೆಂದು ಕೂತು, ಎರಡೂ ಕಾಲು ಮೇಲೆತ್ತಿದಳು.

“ಗುಡಿಸಿ. ಕಾಲೆತ್ತಿದ್ದೀನಿ.”