ಕಾಕಾ ಲಿವರ್‌ಪೂಲಿಗೆ ಹೋದದ್ದು ಯಾಕೆ?

ನಮ್ಮ ಕಾಕಾನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರು ಧಾರವಾಡದಿಂದ ವಿಮಾನ ಹತ್ತಿ ಬಂದು ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಮನೆ ನನ್ನದು, ಮಾರ್ಟ್‌ಗೇಜ್ ಕಟ್ಟುತ್ತಿರುವುದು ನಾನು ಮತ್ತು ನನ್ನ ಗಂಡ, ಆದರೂ ಹಾಕುತ್ತಾರೆ! ತನ್ನ ಬಗ್ಗೆ ಜಗತ್ತಿನಲ್ಲಿ ಯಾರಿಗೂ ಏನೂ ಗೊತ್ತಾಗಬಾರದೆಂದು ಇಷ್ಟು ಹಟ ಹಿಡಿದ ಮನುಷ್ಯ ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ. ತಿಳಿಸಲು ಅವರು ಬಿಟ್ಟರೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಧಾರವಾಡದ ಹತ್ತಿರದ ಒಂದು ಊರಿನ ಪೋಸ್ಟ್ ಆಫೀಸಿನಲ್ಲಿ ದುಡಿದು ನಿವೃತ್ತರಾದವರು. ಆ ಕಾಲದಲ್ಲಿ ಯಾರ ಮನೆಗೆ ವರನ ಕಡೆಯವರು ಒಲ್ಲೆ ಎಂದರು, ಯಾರ ಮಗ ಮತ್ತೆ ಫೇಲಾದ ಎಂಬ ಸುದ್ದಿ ಆ ಮನೆಗೆ ಮುಟ್ಟುವ ಮೊದಲು ಕಾಕಾಗೆ ಮುಟ್ಟುತ್ತಿತ್ತು. ಹಾಗಾದರೆ ಮಂದಿಯ ಕಾರ್ಡು ಓದುತ್ತಿದ್ದಿರಾ ಎಂದು ಕೇಳಿದೆ. "ಓದ್ತಿದ್ದಿಲ್ಲ ಅವ್ವಿ, ಕಣ್ಣಿಗೆ ಬೀಳ್ತಿತ್ತು" ಎಂದರು. ತಾವು ಮಾತ್ರ ಜೀವಮಾನದಲ್ಲಿ ಒಂದು ಕಾರ್ಡನ್ನೂ ಬರೆದವರಲ್ಲ. ದೀಪಾವಳಿಯ ಶುಭಾಶಯವೂ ಲಕೋಟೆಯೊಳಗೆ, ಅದರ ಬಾಯಿಗೆ ಎರಡೆರಡು ಸಲ ಗೋಂದು! ಇನ್ನೊಬ್ಬರ ವಿಷಯ ಕಣ್ಣಿಗೆ ಬೀಳುವುದು ಎಷ್ಟು ಸುಲಭ ಎಂದು ತಿಳಿದವರಿಗೇ ಅಲ್ಲವೇ ಭಯ ಹೆಚ್ಚು?

ಆ ವರ್ಷ ಕಾಕಾ ಮತ್ತು ಕಾಕು ಆಸ್ಟ್ರೇಲಿಯಾಕ್ಕೆ ಬಂದದ್ದು ಮಗಳ ಬಾಣಂತನಕ್ಕೆ. ಮಗಳು, ಅಂದರೆ ನನ್ನ ತಂಗಿ, ಇರುವುದು ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ, ಒಂದೇ ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ. ನಾವಿರುವುದು ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ. ಇಬ್ಬರೂ ಮೊದಲು ನಮ್ಮಲ್ಲಿಗೆ ಬಂದರು. ಕಾಕು ಮುಂದೆ ಮೆಲ್ಬರ್ನಿಗೆ ಹೋಗುವುದು, ಬಾಣಂತಿಯ ಮನೆಯಲ್ಲಿ ಗಂಡಸರಿಗೇನು ಕೆಲಸ ಎಂದು ಕಾಕಾ ನಮ್ಮಲ್ಲೇ ಉಳಿದು ಹೆಸರಿಡುವ ಹೊತ್ತಿಗೆ ಹೋಗುವುದು ಎಂದು ಮಾತಾಗಿತ್ತು. ಕಾಕು ಹೋದರು. ಅಷ್ಟರಲ್ಲಿ ಕೊರೊನಾ ಬಂತು, ಎರಡು ರಾಜ್ಯಗಳ ನಡುವಿನ ಗಡಿ ಮುಚ್ಚಿತು. ಕಾಕಾ ಈ ಕಡೆ, ಕಾಕು ಆ ಕಡೆ! ಮೊಮ್ಮಗಳಿಗೆ ಹೆಸರಿಟ್ಟದ್ದನ್ನು ಕಾಕಾ ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿದರು. ಮದುವೆಯಾದ ಮೇಲೆ ಅವರಿಬ್ಬರೂ ಇಷ್ಟು ಕಾಲ ಬೇರೆ ಬೇರೆ ಇದ್ದದ್ದೇ ಇಲ್ಲ. ನಾವೆಲ್ಲ ಅಯ್ಯೋ ಪಾಪ ಎಂದೆವು. "ಪಾಪ ಯಾಕ? ಆರಾಮ ಅದೀನಲ್ಲ" ಎಂದು ಕಾಕಾ ಪೇಪರಿನ ಹಿಂದೆ ಮರೆಯಾದರು.

ಸರ್ಕಾರದವರು ಒಂದು ಆ್ಯಪ್ ತಂದರು. ಫೋನಿನಲ್ಲಿ ಹಾಕಿಕೊಂಡರೆ ಸೋಂಕಿದ್ದವರ ಹತ್ತಿರ ನೀವು ಇದ್ದಿರೋ ಇಲ್ಲವೋ ಗೊತ್ತಾಗುತ್ತದಂತೆ. ನನ್ನ ಗಂಡ ಮೈಸೂರಿನವರು, ಐಟಿಯವರು, ತಾಳ್ಮೆಯವರು. ಕಾಕಾನ ಪಕ್ಕದಲ್ಲಿ ಕೂತು ವಿವರಿಸಿದರು. "ಅಂಕಲ್, ನೀವು ಎಲ್ಲಿದ್ದೀರಿ ಅಂತ ಇದಕ್ಕೆ ಗೊತ್ತಾಗೋದೇ ಇಲ್ಲ. ಯಾರ ಹತ್ತಿರ ಇದ್ರಿ ಅನ್ನೋದು ಮಾತ್ರ ಗೊತ್ತಾಗುತ್ತೆ."

"ಅದ ನೋಡ್ರಿ ಅಳಿಯಂದ್ರ," ಎಂದರು ಕಾಕಾ. "ಎಲ್ಲಿದ್ದೆ ಅನ್ನೂದು ಗೊತ್ತಾದ್ರ ನಡೀತದ. ಯಾರ ಕೂಡ ಇದ್ದೆ ಅನ್ನೂದು ಗೊತ್ತಾಗಬಾರದು."

ಒಂದು ವಾರ ಕಾಕಾ ಆ ಆ್ಯಪಿನ ಷರತ್ತುಗಳನ್ನು ಭೂತಗನ್ನಡಿ ಹಿಡಿದು ಪೂರ್ತಿ ಓದಿದರು. ಓದಿದ ಮನುಷ್ಯ ಈ ಖಂಡದಲ್ಲಿ ಅವರೊಬ್ಬರೇ ಇರಬೇಕು. ಓದಿ ಮುಗಿಸಿ, ಬರೆದವರು ಚೆನ್ನಾಗಿಯೇ ಬರೆದಿದ್ದಾರೆ, ಆದರೆ ಬರೆದವರೇ ಕೊನೆತನಕ ಆ ಕುರ್ಚಿಯಲ್ಲಿ ಕೂತಿರುತ್ತಾರೆಂದು ಏನು ಖಾತ್ರಿ ಎಂದು ಕೇಳಿದರು. ಉತ್ತರ ನಿಮಗೆ ಹೊಳೆಯುತ್ತದೆಯೇ?

ಆಮೇಲೆ ಬಂತು ಅಂಗಡಿಗಳ ಚೆಕ್-ಇನ್. ಹಾಲು ತರಲು ಹೋದರೂ ಬಾಗಿಲಲ್ಲಿ ಅಂಟಿಸಿದ ಕ್ಯೂಆರ್ ಚೌಕಕ್ಕೆ ಫೋನ್ ಹಿಡಿದು, ಬಂದೆ ಎಂದು ಹೇಳಿಯೇ ಒಳಗೆ ಹೋಗಬೇಕು. ಕಾಕಾಗೆ ಇದು ಆ್ಯಪಿಗಿಂತ ದೊಡ್ಡ ಅಪರಾಧವೆನಿಸಿತು. ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಎಂದು ಕೇಳುವ ಪದ್ಧತಿಯಿಲ್ಲ, ಕೇಳಿದರೆ ಹೋದ ಕೆಲಸ ಕೆಡುತ್ತದೆ. ತಡೆಯಲಾಗದಿದ್ದರೆ "ದೂರ ಹೊಂಟ್ರೇನು" ಎನ್ನಬೇಕು, ಅವರು "ಇಲ್ಲೇ" ಎಂದು ಕೈ ಬೀಸಬೇಕು, ಅಲ್ಲಿಗೆ ಮುಗಿಯಿತು. "ಇಷ್ಟು ದೊಡ್ಡ ಸರ್ಕಾರ," ಎಂದು ಕಾಕಾ ಅಂಗಡಿಯ ಬಾಗಿಲಲ್ಲೇ ನಿಂತು ನನಗೆ ಹೇಳಿದರು, "ಹೊರಗ ಹೊಂಟವರನ್ನ ಎಲ್ಲಿಗೆ ಅಂತ ಕೇಳಬಾರದು ಅನ್ನೂದೂ ತಿಳೀಲಿಲ್ಲಲ್ಲ. ರೋಗ ಹೋಗಂದ್ರ ಹೆಂಗ ಹೋಗ್ತದ?"

ಫೋನ್ ಹಿಡಿಯಲಾರದವರಿಗೆಂದು ನಮ್ಮ ಬಡಾವಣೆಯ ಇಂಡಿಯನ್ ಅಂಗಡಿಯಲ್ಲಿ ಒಂದು ಹಾಳೆ, ಒಂದು ಪೆನ್ನು ಇಟ್ಟಿದ್ದರು. ಕಾಕಾ ಆ ಹಾಳೆಯ ಮುಂದೆ ನಿಂತು, ಅದರಲ್ಲಿ ಬರೆದಿದ್ದ ಯಾರೋ ಹೆಣ್ಣುಮಗಳ ಹೆಸರು, ಫೋನ್ ನಂಬರು ಎರಡನ್ನೂ ಗಟ್ಟಿಯಾಗಿ ಓದಿದರು. ಅಂಗಡಿಯವನು ಗಾಬರಿಯಾದ. ನನಗೆ ಕೇಳಿಸಿತು, ನಿನಗೆ ಕೇಳಿಸಿತು, ಹಿಂದೆ ನಿಂತ ನಾಲ್ಕು ಮಂದಿಗೆ ಕೇಳಿಸಿತು, ಇದು ಆ ಹುಡುಗಿಯನ್ನು ಕಾಪಾಡುವ ರೀತಿಯೇ ಎಂದು ಕಾಕಾ ತಮ್ಮ ಹಿಂದಿಯಲ್ಲಿ ಅವನ ನೀರಿಳಿಸಿದರು. ಮರುದಿನದಿಂದ ಅಲ್ಲಿ ಒಂದು ಡಬ್ಬಿ ಬಂತು, ಚೀಟಿ ಬರೆದು ಅದರೊಳಗೆ ಹಾಕುವುದು. ಈ ಒಂದು ವಿಷಯದಲ್ಲಿ ಕಾಕಾ ಹೇಳಿದ್ದು ಸರಿ ಎಂದು ನಾನು ಒಪ್ಪುತ್ತೇನೆ. ಆದರೆ ಡಬ್ಬಿ ಬಂದ ಮೇಲೂ ಅವರು ಚೀಟಿಯಲ್ಲಿ ಬರೆದದ್ದು ತಮ್ಮ ಹೆಸರನ್ನಲ್ಲ, ಚಿಕ್ಕಂದಿನಲ್ಲಿ ತಮಗೆ ಛಡಿಯೇಟು ಕೊಟ್ಟ ಕನ್ನಡ ಶಾಲೆಯ ಹೆಡ್‌ಮಾಸ್ತರರ ಹೆಸರನ್ನು! ಅಂಗಡಿಯವನು ಮರ್ಯಾದೆಯ ಮನುಷ್ಯ. ಮುಂದಿನ ಸಲ ಹೋದಾಗ ಅದೇ ಹೆಸರು ಹಿಡಿದು ನಮಸ್ಕಾರ ಹೇಳಿದ. ಎಪ್ಪತ್ತು ದಾಟಿದ ಕಾಕಾ ಆ ಹೆಸರು ಕಿವಿಗೆ ಬಿದ್ದದ್ದೇ ಎರಡೂ ಅಂಗೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ನಗುವುದಕ್ಕೆ ನಮಗೆ ಇಷ್ಟೆಲ್ಲ ಸಿಕ್ಕುತ್ತಿತ್ತು. ಸಂಜೆಯ ವಿಡಿಯೋ ಕಾಲ್ ಹೊತ್ತಿಗೆ ಮಾತ್ರ ನನಗೆ ಸಂಕಟ. ಆ ಕಡೆ ತಂಗಿ, ಅವಳ ಗಂಡ, ಪಾಪು, ಕಾಕು. ಈ ಕಡೆ ನಾವು ಮೂವರು ಮತ್ತು ಕಾಕಾ. ಎಲ್ಲರೂ ಒಟ್ಟಿಗೆ ಮಾತಾಡುವುದು, ಯಾರದೂ ಕೇಳಿಸದಿರುವುದು. ನಾನು ಫೋನನ್ನು ಕಾಕಾನ ಕೈಗೆ ಕೊಟ್ಟರೆ, ಅವರು ಅದನ್ನು ದೂರ ಹಿಡಿದು "ಉಂಡೆಲ್ಲಾ?" ಎನ್ನುತ್ತಿದ್ದರು. ಕಾಕು "ಹೂಂ, ನಿಮ್ಮದು?" ಎನ್ನುತ್ತಿದ್ದರು. "ಆತು." ಫೋನ್ ವಾಪಸ್ ನನ್ನ ಕೈಗೆ! ಇಡೀ ಜನ್ಮ ಜೊತೆಗಿದ್ದವರು ತಿಂಗಳುಗಟ್ಟಲೆ ಅಗಲಿದಾಗ ಆಡುವ ಮಾತು ಇಷ್ಟೇ ಏನು? ನನ್ನ ಮಗಳು ಒಂದು ದಿನ, ಅಜ್ಜ ಅಜ್ಜಿ ಜಗಳ ಆಡಿದ್ದಾರಾ ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು.

ಬೆಳಿಗ್ಗೆ ಎದ್ದು ಕಾಕಾ ಮೊದಲು ನೋಡುತ್ತಿದ್ದದ್ದು ಹವಾಮಾನ. ಸಿಡ್ನಿಯದಲ್ಲ. "ಮೆಲ್ಬರ್ನದಾಗ ಇವತ್ತ ಮಳಿ ಅಂತ," ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಚಹಾ ಕುಡಿಯುತ್ತಿದ್ದರು. ಗಡಿ ತೆಗೆಯುವ ಸುದ್ದಿ ಬಂದಾಗಲೆಲ್ಲ ಬ್ಯಾಗಿನ ಬಟ್ಟೆ ಮತ್ತೆ ಮಡಚಿಡುತ್ತಿದ್ದರು. ಸುದ್ದಿ ಸುಳ್ಳಾದ ದಿನ ಸಾರಿಗೆ ಉಪ್ಪಿಲ್ಲದಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ.

ಈ ನಡುವೆ ಕಾಕಾ ಮಧ್ಯಾಹ್ನ ಊಟವಾದ ಮೇಲೆ ಮಾಯವಾಗತೊಡಗಿದರು. ಇಸ್ತ್ರಿಯ ಅಂಗಿ, ತಲೆಗೆ ಟೊಪ್ಪಿಗೆ, ಮುಖಕ್ಕೆ ಮಾಸ್ಕ್, ಕೈಯಲ್ಲಿ ಕೊಡೆ. ಸಂಜೆ ಬರುವಾಗ ಮುಖದಲ್ಲಿ ಏನೋ ಒಂದು ತೃಪ್ತಿ. ಎಲ್ಲಿಗೆ ಎಂದು ಕೇಳುವ ಹಾಗಿಲ್ಲ, ಹೇಳಿದೆನಲ್ಲ! ದೂರ ಹೊಂಟ್ರೇನು ಕಾಕಾ ಎಂದರೆ, ಇಲ್ಲೇ ಎಂದು ಕೈ ಬೀಸುತ್ತಿದ್ದರು. ಇಸ್ಪೀಟಿನ ಗೆಳೆಯರು ಸಿಕ್ಕಿರಬೇಕು ಎಂದು ನನ್ನ ಗಂಡನ ಊಹೆ. ನಾನಂತೂ ಯಾವುದೋ ಹೋಟೆಲಿನಲ್ಲಿ ಸಕ್ಕರೆ ಕಾಯಿಲೆ ಮರೆತು ಕೇಕ್ ತಿನ್ನುತ್ತಿದ್ದಾರೆ ಎಂದೇ ನಂಬಿದ್ದೆ.

ಒಂದು ಬೆಳಿಗ್ಗೆ ಕಾಕಾನ ಫೋನ್ ಬಡಿಯಿತು. ಕೇಳಿಸಿಕೊಂಡವರೇ ಅದನ್ನು ನನ್ನ ಕೈಗೆ ತುರುಕಿದರು. "ಯಾರೋ ಹುಡುಗಿ. ನನ್ನ ಹೆಸರು ಪೂರ್ತಿ ಹೇಳ್ಯಾಳ. ಅಪ್ಪನ ಹೆಸರ ಸಮೇತ."

ಆರೋಗ್ಯ ಇಲಾಖೆಯ ಹುಡುಗಿ. ಇಂಗ್ಲೆಂಡಿನದಲ್ಲ, ಸಿಡ್ನಿಯದೇ ಲಿವರ್‌ಪೂಲಿನ ಒಂದು ಮಾಲಿನ ಫುಡ್ ಕೋರ್ಟಿಗೆ ಸೋಂಕಿದ್ದವರು ಬಂದಿದ್ದರು, ಅದೇ ಹೊತ್ತಿಗೆ ನಿಮ್ಮ ಅಂಕಲ್ ಅಲ್ಲಿದ್ದರು ಎಂದಳು. ನಾನು ನಕ್ಕುಬಿಟ್ಟೆ. ಲಿವರ್‌ಪೂಲ್ ನಮ್ಮಿಂದ ಟ್ರೈನಿನಲ್ಲಿ ಒಂದು ಗಂಟೆಯ ದಾರಿ, ಅಲ್ಲಿ ನಮಗೆ ಯಾರೂ ಇಲ್ಲ, ಅದಲ್ಲದೆ ನಮ್ಮ ಅಂಕಲ್ ಎಲ್ಲಿಯೂ ನಿಜವಾದ ಹೆಸರು ಕೊಡುವವರೇ ಅಲ್ಲ ಎಂದೆ. ಅವಳು ಹೆಸರಿನ ಒಂದೊಂದು ಅಕ್ಷರ ಬಿಡಿಸಿ ಹೇಳಿದಳು. ನಂಬರ್ ಹೇಳಿದಳು. ಎಲ್ಲವೂ ಸರಿ! ನಾನು ಕಾಕಾನ ಕಡೆ ತಿರುಗಿದೆ. ಅವರು ಕಿಟಕಿಯ ಕಡೆ ತಿರುಗಿದ್ದರು.

ಫೋನ್ ಸ್ಪೀಕರಿನಲ್ಲಿತ್ತು. ಅವಳು ಕೇಳುವುದು, ನಾನು ಕನ್ನಡದಲ್ಲಿ ಹೇಳುವುದು. ಎಷ್ಟು ಹೊತ್ತು ಕೂತಿದ್ದರು? ತನಗೆ ಸಂಬಂಧವಿಲ್ಲ ಎಂದು ಅವಳಿಗೆ ಹೇಳು ಎಂದರು ಕಾಕಾ. ನೆನಪು ಮಾಡಿಕೊಳ್ಳುತ್ತಿದ್ದಾರೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಯಾವ ಮೂಲೆಯ ಟೇಬಲ್ಲು? ಮಾಲು ಅವಳ ಅಪ್ಪನದೇನು ಎಂದರು. ಸ್ವಲ್ಪ ಕಿವಿ ಮಂದ ಎಂದೆ. ಆ ಹುಡುಗಿಗೆ ಸಿಟ್ಟೇ ಬರಲಿಲ್ಲ. ಮೆತ್ತಗಿನ ದನಿಯಲ್ಲಿ, ನಿಮ್ಮ ಖಾಸಗಿ ವಿಷಯ ನಮಗೆ ಬೇಡ, ಆದರೆ ಅದೇ ಟೇಬಲ್ಲಿನಲ್ಲಿ ನಿಮ್ಮ ಜೊತೆ ಇನ್ನೊಬ್ಬರು ಇದ್ದಿದ್ದರೆ ಅವರಿಗೂ ಅಪಾಯವಿದೆ, ಅವರನ್ನೂ ಎಚ್ಚರಿಸಬೇಕು, ಅದಕ್ಕೇ ಕೇಳುತ್ತಿದ್ದೇನೆ ಎಂದಳು. ನಾನು ಅದನ್ನು ಕಾಕಾಗೆ ಹೇಳಿದೆ.

ಕಾಕಾ ಮೆಲ್ಲಗೆ ಕುರ್ಚಿಯಲ್ಲಿ ಕೂತರು.

"ನನ್ನ ಕೂಡ ಇದ್ದಾಕಿಗೆ ಏನೂ ಆಗೂದಿಲ್ಲಂತ ಹೇಳು," ಎಂದರು. "ಆಕಿ ಮೆಲ್ಬರ್ನದಾಗ ಅದಾಳ."

ಇದನ್ನು ಇಂಗ್ಲಿಷಿಗೆ ತಿರುಗಿಸಲು ನನಗೆ ಕೂಡಲೇ ಆಗಲಿಲ್ಲ. ಪಕ್ಕದ ಕೋಣೆಯಲ್ಲಿ ಮೀಟಿಂಗಿನಲ್ಲಿದ್ದ ನನ್ನ ಗಂಡ ಲ್ಯಾಪ್‌ಟಾಪ್ ಮುಚ್ಚಿ ಬಾಗಿಲಿಗೆ ಬಂದು ನಿಂತಿದ್ದರು. ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರಂತೆ ಎಂದು ಹೇಗೋ ಹೇಳಿ ಮುಗಿಸಿದೆ. ಎರಡು ವಾರ ಮನೆಯಿಂದ ಯಾರೂ ಹೊರಡಬೇಡಿ ಎಂದು ಹೇಳಿ ಆ ಹುಡುಗಿ ಫೋನ್ ಇಟ್ಟಳು.

ಆಮೇಲೆ ಕಾಕಾ ತಾವಾಗಿಯೇ ಹೇಳಿದರು. ನಮ್ಮ ಮನೆಯ ಗೋಡೆ ಹಲಗೆಯದು, ಈ ಕೋಣೆಯಲ್ಲಿ ಸೀನಿದರೆ ಆ ಕೋಣೆಯವರು ಚಿರಂಜೀವಿ ಎನ್ನಬೇಕು. ಪಾರ್ಕಿಗೆ ಹೋಗೋಣವೆಂದರೆ ಕ್ವೇಕರ್ಸ್ ಹಿಲ್ ತುಂಬ ನಮ್ಮವರೇ, ಒಂದು ಬೆಂಚು ಬಿಟ್ಟು ಇನ್ನೊಂದು ಬೆಂಚಿನಲ್ಲಿ ಕನ್ನಡ ಬಲ್ಲವರು. ಹಾಗಾಗಿ ಟ್ರೈನು ಹತ್ತಿ, ಕನ್ನಡದ ಒಂದು ಅಕ್ಷರವೂ ಕಿವಿಗೆ ಬೀಳದ ಕಡೆ ಹೋಗಿ ಇಳಿಯುತ್ತಿದ್ದರು. ಸುತ್ತ ಅರಬ್ಬಿ, ವಿಯೆಟ್ನಾಮೀಸ್ ಮಾತಾಡುವ ಮಂದಿ. ಅವರ ನಡುವೆ ಒಂದು ಚಹಾ ಮುಂದಿಟ್ಟುಕೊಂಡು ಕಾಕುಗೆ ಫೋನ್! ಸುಳ್ಳು ಹೆಸರು ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ಅಲ್ಲಿ ಹೆಸರು ಕೊಡದೆ ಕೂರಲು ಬಿಡುವುದಿಲ್ಲ, ದಿನಾ ಹೋಗುವ ಕಡೆ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಇದ್ದ ಒಂದು ಜಾಗವೂ ಹೋಗುತ್ತದಲ್ಲ ಎಂದರು. "ಹೆಂಡತಿ ಕೂಡ ಆಡೂ ಮಾತು ಎಲ್ಲಾರ ಮುಂದ ಆಡಾಕ ಬರ್ತದೇನು ಅವ್ವಿ?" ಎಂದರು ತಗ್ಗಿದ ದನಿಯಲ್ಲಿ.

ತಂಗಿಗೆ ಫೋನ್ ಮಾಡಿದೆ. ಅವಳದು ಬೇರೆಯೇ ಚಿಂತೆ. ಅಮ್ಮ ಮಧ್ಯಾಹ್ನ ಕಸ ಹಾಕಿ ಬರುತ್ತೇನೆಂದು ಕೆಳಗೆ ಹೋದರೆ ಸಂಜೆತನಕ ಬರುವುದೇ ಇಲ್ಲ, ಡಾಕ್ಟರಿಗೆ ತೋರಿಸಬೇಕೇನೋ ಎಂದಳು. ಬೇಡ, ಕಸ ಇಲ್ಲದಿದ್ದರೂ ಕಳಿಸು ಎಂದೆ.

ಕಾಕಾಗೆ ಸೋಂಕು ಇರಲಿಲ್ಲ. ಆದರೂ ಎರಡು ವಾರ ಕೋಣೆಯಲ್ಲೇ. ಮೊದಲ ದಿನ ಮಧ್ಯಾಹ್ನ ಅವರ ಕೋಣೆಯ ಬಾಗಿಲು ಮುಚ್ಚಿದ ಸದ್ದಾಯಿತು. ಯಾರೂ ಹೇಳದೆಯೇ ನನ್ನ ಮಗಳು ಎದ್ದು ಟಿವಿಯ ದನಿ ಜೋರು ಮಾಡಿದಳು. ಮನೆ ಅದುರುವಷ್ಟು ಜೋರು. ಆ ಎರಡು ವಾರ ನಾವು ಯಾವ ಕಾರ್ಯಕ್ರಮ ನೋಡಿದೆವೋ ದೇವರಿಗೇ ಗೊತ್ತು.

ಕೊನೆಗೂ ಗಡಿ ತೆಗೆದರು. ನಾವೆಲ್ಲ ಕಾರು ಹತ್ತಿ ಮೆಲ್ಬರ್ನಿಗೆ ಹೊರಟೆವು. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದರೆ ಕಾಕಾ ಬೇಗ ಬೇಗ ಎಂದರು. ಬಾಕ್ಸ್ ಹಿಲ್‌ನಲ್ಲಿ ತಂಗಿ, ಅವಳ ಗಂಡ, ನನ್ನ ಮಗಳು ಮೂವರೂ ಫೋನ್ ಎತ್ತಿ ಹಿಡಿದು ವಿಡಿಯೋ ಮಾಡಲು ಸಜ್ಜಾಗಿ ನಿಂತಿದ್ದರು. ಕಾಕು ಪಾಪುವನ್ನು ಎತ್ತಿಕೊಂಡು ಬಾಗಿಲಿಗೆ ಬಂದರು. ಸೊರಗಿದ್ದರು. ಕಾಕಾ ಅವರನ್ನು ನೋಡಿದರು, ಆ ಫೋನುಗಳನ್ನು ನೋಡಿದರು.

"ಆರಾಮ?" ಎಂದರು.

"ಹೂಂ. ಹಾದ್ಯಾಗ ಉಂಡ್ರೇನು?"

ಅಷ್ಟೇ. ತಂಗಿ ನಿರಾಸೆಯಿಂದ ಫೋನ್ ಇಳಿಸಿದಳು. ನಾನು ಕಾಕುವಿನ ಕೈಯಿಂದ ಪಾಪುವನ್ನು ಇಸಿದುಕೊಂಡೆ. ಎಲ್ಲರೂ ಒಂದು ಸುತ್ತು ಹೋಗಿ ಬರೋಣ, ಇವರಿಬ್ಬರು ಇಲ್ಲೇ ಇರಲಿ ಎಂದು, ಈಗ ತಾನೇ ಬಂದಿರಲ್ಲ ಎಂದ ತಂಗಿಯ ರಟ್ಟೆ ಹಿಡಿದು ಲಿಫ್ಟಿನೊಳಗೆ ಎಳೆದೆ. ಬಾಗಿಲು ಮುಚ್ಚಿದ್ದೇ ನನಗೆ ಅಳು ಬಂತು.

ಕೆಳಗೆ ಥಣ್ಣನೆಯ ಗಾಳಿ. ಪಾಪುವಿನ ಕುಲಾವಿ ಮೇಲೆಯೇ ಉಳಿದಿತ್ತು. ಬಾಲ್ಕನಿಯಿಂದ ಎಸೆಯಿರಿ ಎನ್ನಲು ತಂಗಿ ಕಾಕಾನ ನಂಬರಿಗೆ ಫೋನ್ ಮಾಡಿದಳು. ಬಡಿದು ಬಡಿದು ನಿಂತಿತು. ಕಾಕುವಿನದಕ್ಕೆ ಮಾಡಿದಳು. ಅದೂ ಹಾಗೆಯೇ.

"ಅಕ್ಕಾ, ಇಬ್ಬರೂ ಎತ್ತವಲ್ಲರು. ನಾ ಮ್ಯಾಲ ಹೋಗಿ ನೋಡಿ ಬರ್ಲಿ?"

"ಬ್ಯಾಡ," ಎಂದೆ. ನನ್ನ ದುಪಟ್ಟಾ ತೆಗೆದು ಪಾಪುವಿನ ತಲೆಗೆ ಬೆಚ್ಚಗೆ ಸುತ್ತಿದೆ. ಎಲ್ಲರೂ ಇನ್ನೊಂದು ಸುತ್ತು ಹೊರಟೆವು.