ಪ್ಲಾಸ್ಟಿಕ್ ಡಾಕ್ಟರರ ಬಾಗಿಲಲ್ಲಿ

ಬೆಳಗಾವಿಯಲ್ಲಿ ನಾನು ನರ್ಸ್ ಆಗಿದ್ದ ದವಾಖಾನೆಯ ಬೋರ್ಡಿನ ಮೇಲೆ ‘ಪ್ಲಾಸ್ಟಿಕ್ ಸರ್ಜನ್’ ಎಂದು ಬರೆಸಿದ ದಿನದಿಂದ ನಮಗೆ ನಗುವಿಗೆ ಬರವಿರಲಿಲ್ಲ. ಎಂಬತ್ತರ ದಶಕದ ಆರಂಭ ಅದು. ಪ್ಲಾಸ್ಟಿಕ್ ಕೊಡ, ಬಕೆಟ್‌ಗಳು ಆಗಷ್ಟೇ ಮನೆಮನೆಗೆ ಬಂದಿದ್ದವು. ಪ್ಲಾಸ್ಟಿಕ್ ಡಾಕ್ಟರು ಯಾಕೆ ಬಂದಿದ್ದಾರೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮೊದಲ ವಾರ ನನಗೂ ಗೊತ್ತಿರಲಿಲ್ಲ, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ.

೧. ದೇಸೂರಿನ ಬಕೆಟ್

ದೇಸೂರಿನಿಂದ ಒಬ್ಬ ಅಜ್ಜ ಬಂದರು. ಕೈಯಲ್ಲಿ ತಳ ಸೀಳಿದ ಹಸಿರು ಬಕೆಟ್.

“ಅಜ್ಜಾರ, ಇಲ್ಲಿ ಬಕೀಟು ರಿಪೇರಿ ಮಾಡೂದಿಲ್ರಿ,” ಎಂದೆ.

“ಮತ್ತ ಬೋರ್ಡ್ ಮ್ಯಾಲೆ ಬರದೀರಲ್ಲವಾ?”

ಗದ್ದಲ ಕೇಳಿ ಡಾಕ್ಟರು ಹೊರಗೆ ಬಂದರು. ಅವರ ಕಣ್ಣು ಬಿದ್ದದ್ದು ಬಕೆಟ್ಟಿನ ಮೇಲಲ್ಲ, ಅದನ್ನು ಹಿಡಿದ ಬೆರಳಿನ ಮೇಲೆ. ಎಂದೋ ಸುಟ್ಟಿದ್ದ ಬೆರಳು ಕೊಕ್ಕೆಯಂತೆ ಬಾಗಿತ್ತು. ಅಜ್ಜನನ್ನು ಒಪ್ಪಿಸಿ, ಆಪರೇಷನ್ ಮಾಡಿ ಅದನ್ನು ನೆಟ್ಟಗೆ ಮಾಡಿದರು. ಪಟ್ಟಿ ಬಿಚ್ಚಿದ ದಿನ ಅಜ್ಜ ಬೆರಳನ್ನು ಹತ್ತು ಸಲ ಮಡಚಿ ನೋಡಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, “ಬೆರಳಂತೂ ಛಲೋ ಆತ್ರಿ ಸಾಹೇಬ್ರ. ಬಕೀಟು ಯಾವಾಗ ಕೊಡ್ತೀರಿ?”

೨. ವಡಗಾವಿಯ ಬಣ್ಣ

ವಡಗಾವಿಯ ನೇಕಾರರೊಬ್ಬರ ಮುಂಗೈ ಪವರ್‌ಲೂಮಿಗೆ ಸಿಕ್ಕು ಚರ್ಮ ಕಿತ್ತುಹೋಗಿತ್ತು. ಡಾಕ್ಟರು ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಚ್ಚಿದರು. ಗಾಯ ಮಾಯಿತು. ನೇಕಾರರು ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೀರೆ ನೋಡುವಂತೆ ಅತ್ತಿತ್ತ ತಿರುಗಿಸಿದರು.

“ಸಾಹೇಬ್ರ, ಬಣ್ಣ ಮ್ಯಾಚ್ ಆಗಿಲ್ಲಲ್ರಿ.”

“ಆರು ತಿಂಗಳು ತಡೀರಿ, ತಾನ ಹೊಂದಕೋತೈತಿ.”

ನೇಕಾರರು ನಿಟ್ಟುಸಿರು ಬಿಟ್ಟರು. “ನಾವೂ ಗಿರಾಕಿಗೆ ಹಿಂಗ ಹೇಳ್ತೀವ್ರಿ.”

೩. ಖಾನಾಪುರದ ಅಳತೆ

ಖಾನಾಪುರದಲ್ಲಿ ಜಂಪರ್, ಅಂದರೆ ರವಿಕೆ, ಹೊಲಿಯುವ ಹೆಣ್ಣುಮಗಳೊಬ್ಬಳು ಬೆಳಗಿನ ರೈಲಿಗೆ ಬಂದಳು. ಮೂವತ್ತರ ಆಸುಪಾಸು, ಕಡ್ಡಿಯಂಥ ಮೈ. ನನ್ನನ್ನು ಬಾಜೂಕ್ಕೆ ಕರೆದು ಪಿಸುಗುಟ್ಟಿದಳು. ಬೆಳಗಾವಿಯ ಲಾಡ್ಜೊಂದಕ್ಕೆ ತಿಂಗಳಿಗೊಮ್ಮೆ ಮುಂಬೈ ಡಾಕ್ಟರನೊಬ್ಬ ಬರುತ್ತಾನಂತೆ. ಸೂಜಿ ಚುಚ್ಚಿ ಏನೋ ತುಂಬಿ ಎದೆ ದೊಡ್ಡದು ಮಾಡುತ್ತಾನಂತೆ. ನಾಳೆಯೇ ಇವಳ ಪಾಳಿ.

“ಊರ ಹೆಂಗಸರದೆಲ್ಲಾ ಅಳತಿ ಬರಕೋತೀನ್ರಿ ಅಕ್ಕಾರ. ನನ್ನ ಅಳತಿ ಬರಕೊಳ್ಳಾಕ ಮಾತ್ರ ನಾಚಿಕಿ ಬರ್ತೈತಿ,” ಎಂದಳು.

ಒಳಗೆ ಕರೆದೊಯ್ದೆ. ವಿಷಯ ಕೇಳಿ ಡಾಕ್ಟರ ಮುಖ ಕೆಂಪಾಯಿತು. “ಸೂಜೀಲೆ ತುಂಬಿದ್ದು ಒಂದ ಕಡೆ ಕುಂದರೂದಿಲ್ಲ ತಂಗಿ. ಹರೀತೈತಿ, ಗಂಟು ಕಟ್ತೈತಿ, ಕೀವು ಆಗ್ತೈತಿ. ಆಮ್ಯಾಲೆ ಪೂರ್ತಿ ತಗಿಯಾಕೂ ಬರೂದಿಲ್ಲ.”

“ಆಪರೇಷನ್ ಮಾಡಿ ಎದಿಯೊಳಗ ಚೀಲ ಇಡ್ತಾರಂತಲ್ರಿ?”

“ಇಡ್ತಾರ. ಕಲತವರು ಇಟ್ಟರೂ ಅದು ಬಿರುಸಾಗಬಹುದು, ಸೋರಬಹುದು, ಮತ್ತ ಕೊಯ್ದು ತಗೀಬೇಕಾಗಬಹುದು. ಅದನ್ನ ಮೊದಲ ಹೇಳೂ ಡಾಕ್ಟರ್ ಕಡೆ ಹೋಗಬೇಕು.”

“ಹಂಗಾರ ನೀವ ಮಾಡ್ರಲ್ಲಾ.”

“ನಾ ನೋಡೀನಿ, ಮಾಡಿಲ್ಲ. ನನಗ ಬರೂದಿಲ್ಲ.”

ಆಕೆ ಕಣ್ಣರಳಿಸಿದಳು. “ಹನ್ನೆರಡು ವರ್ಷ ಆತ್ರಿ ನಾ ಹೊಲಿಯಾಕ ಹತ್ತಿ. ಬರೂದಿಲ್ಲ ಅಂತ ಒಪ್ಪಿಕೊಂಡ ಟೇಲರ್‌ನ್ನ ಇವತ್ತ ಮೊದಲ ನೋಡಿದ್ನಿ!”

೪. ಲಾಡ್ಜಿನ ಗ್ಯಾರಂಟಿ

ಅಷ್ಟಾದರೂ ಆಸೆ ಬಿಡಬೇಕಲ್ಲ. ಮರುದಿನ ಮತ್ತೆ ದವಾಖಾನೆಗೆ ಬಂದು, ಲಾಡ್ಜಿಗೆ ಹೋಗಿಯೇ ಹೋಗುತ್ತೇನೆಂದು ಹೊರಟೇಬಿಟ್ಟಳು. ಡಾಕ್ಟರು ಆಕೆಗೆ ಕೆಲವು ಪ್ರಶ್ನೆ ಹೇಳಿಕೊಟ್ಟು, ಜೊತೆಗೆ ನನ್ನನ್ನೂ ಕಳಿಸಿದರು. ಮೆಟ್ಟಿಲ ಮೇಲೆ ಆಗಲೇ ನಾಲ್ಕು ಹೆಂಗಸರು ಸೆರಗು ಮುಚ್ಚಿಕೊಂಡು ಪಾಳಿಗೆ ಕೂತಿದ್ದರು. ಮೊದಲ ಹೆಸರು ಇವಳದೇ ಇತ್ತು, ಕರೆದರು. ಹೋದೆವು.

“ಎಲ್ಲಿ ಕಲ್ತೀರಿ?” ಎಂದು ಕೇಳಿದಳು.

“ಮುಂಬೈದಾಗ.”

“ಯಾವ ಕಾಲೇಜಿನ್ಯಾಗ?”

“ದೊಡ್ಡ ಕಾಲೇಜಿನ್ಯಾಗ.”

“ಸೂಜಿ ಹಾಕೂ ದವಾಖಾನಿ ಎಲ್ಲೈತ್ರಿ?”

ಆತ ಲಾಡ್ಜಿನ ಮಂಚ ತೋರಿಸಿದ.

“ಕೆಟ್ಟರ ಯಾರು ಸರಿ ಮಾಡ್ತಾರ?”

“ಕೆಡೂದ ಇಲ್ರಿ ತಾಯಿ. ಜಿಂದಗಿ ಪೂರಾ ಗ್ಯಾರಂಟಿ.”

ಗ್ಯಾರಂಟಿ ಎಂದಾಗ ಆಕೆಯ ಮುಖದಲ್ಲಿ ಆಸೆ ಮತ್ತೆ ಮೂಡಿತು. ಆದರೆ ಟೇಲರ್ ಕಣ್ಣು ಸುಮ್ಮನಿರುತ್ತದೆಯೇ? ಅವನ ಶರ್ಟಿನ ಮೇಲೆ ಹೋಗಿ ನಿಂತಿತು. ಎರಡನೇ ಗುಂಡಿಯ ಜಾಗದಲ್ಲಿ ಸೇಫ್ಟಿ ಪಿನ್.

“ಇದ್ಯಾಕ್ರೀ ಪಿನ್ನು?”

“ಗುಂಡಿ ಹರದೈತ್ರಿ. ನನಗ ಹೊಲಿಗಿ ಬರೂದಿಲ್ಲ.”

ಆಕೆ ಚೀಲದಿಂದ ಸೂಜಿ, ದಾರ ತೆಗೆದು ಅವನ ಕೈಗಿತ್ತಳು. “ಪೋಣಸ್ರಿ ನೋಡೂಣು.”

ಆತ ದಾರವನ್ನು ಬಾಯಲ್ಲಿ ತೇವ ಮಾಡಿದ, ಒಂದು ಕಣ್ಣು ಮುಚ್ಚಿದ, ಇನ್ನೊಂದು ಕಣ್ಣು ಮುಚ್ಚಿದ. ನಾಲ್ಕು ಸಲ ಪ್ರಯತ್ನಿಸಿ ಬೆರಳಿಗೆ ಚುಚ್ಚಿಕೊಂಡ. ಆಕೆ ಸೂಜಿ ಕಸಿದುಕೊಂಡು ಬಾಗಿಲು ದಾಟಿ, ಮೆಟ್ಟಿಲ ಮೇಲೆ ನಿಂತು, ಇಡೀ ಲಾಡ್ಜಿಗೆ ಕೇಳುವಂತೆ ನನಗೆ ಹೇಳಿದಳು:

“ನೋಡ್ರಿ ಅಕ್ಕಾರ! ತನ್ನ ಎದಿ ಮ್ಯಾಲಿನ ಗುಂಡಿ ಹಚ್ಚಾಕ ಬರದವ, ನನ್ನ ಎದಿ ರಿಪೇರಿ ಮಾಡಾಕ ಬಂದಾನ!”

ಮೆಟ್ಟಿಲ ಮೇಲಿದ್ದ ನಾಲ್ವರೂ ನಮಗಿಂತ ಮೊದಲೇ ರಸ್ತೆಗೆ ಇಳಿದರು.