ಅಳಿಲಿಗಾಗಿ ಹೊತ್ತ ಹರಕೆ

ಹುಲ್ಲಹಳ್ಳಿ ಸೊಸೈಟಿಯ ಗುಮಾಸ್ತ ನಿಂಗರಾಜುವಿಗೆ ಮೂವತ್ತನಾಲ್ಕು ದಾಟಿದರೂ ಹೆಣ್ಣು ಸಿಕ್ಕಿರಲಿಲ್ಲ. ಹೇಳಿಕೊಳ್ಳುವಂಥ ಆಸ್ತಿಯೆಂದರೆ ತಲೆತುಂಬ ಗುಂಗುರು ಕೂದಲು. ಫೋಟೊದಲ್ಲಿ ಅದನ್ನು ನೋಡಿಯೇ ತಿ. ನರಸೀಪುರದ ಗುರುಮಲ್ಲಪ್ಪನವರು ತಮ್ಮ ಮಗಳನ್ನು ನೋಡಲು ಭಾನುವಾರ ಬರಹೇಳಿದ್ದರು.

"ಗುಬ್ಬಿ ಗೂಡು ಕಟ್ಟಿದ್ ಮನೇಲಿ ಮದ್ವೆ ಆಗೇ ಆಯ್ತದೆ ಕಣಪ್ಪ," ಎಂದು ಪಕ್ಕದ ಮನೆಯ ಮಲ್ಲಾಜಮ್ಮ ಹೇಳಿದ್ದೇ ತಡ, ಅವನು ಹಿತ್ತಲ ಸೂರಿಗೆ ಬತ್ತದ ತೆನೆಯ ಗೊಂಚಲು ಕಟ್ಟಿದ. ಗುಬ್ಬಿಗಿಂತ ಮೊದಲು ಅಳಿಲು ಬಂತು. ಅಡ್ಡ ತಗಡು ಕಟ್ಟಿದರೆ ತಗಡಿನ ಮೇಲೇ ಕೂತು ತಿಂದಿತು. ಶನಿವಾರ ಬೆಳಗ್ಗೆ ನಿಂಗರಾಜು ರೋಸಿಹೋಗಿ ತೆನೆಗೆಲ್ಲ ಖಾರದ ಪುಡಿ ಸವರಿದ.

ಸೊಸೈಟಿಯಿಂದ ಮಧ್ಯಾಹ್ನ ಬಂದು ನೋಡಿದರೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಳಿಲು ಬೋರಲು ಬಿದ್ದಿತ್ತು. ನಾಲ್ಕು ಕಾಲು ನಾಲ್ಕು ದಿಕ್ಕಿಗೆ.

ಹಿತ್ತಲ ಗೋಡೆಯಾಚೆಯಿಂದ ಮಲ್ಲಾಜಮ್ಮನ ಮುಖ ಮೂಡಿತು. "ಏನ್ ಮಾಡ್ಬುಟ್ಟೆ ಮಗ?"

"ಒಂಚೂರು ಖಾರ ಆಕಿದ್ದೆ ಕಣವ್ವ, ಅಷ್ಟೇಯ."

"ರಾಮ್‌ದೇವ್ರು ಬೆನ್ ಸವರಿದ್ ಪ್ರಾಣಿ ಅದು. ಅದ್ನ ಕೊಂದೋನ್ಗೆ ಏಳು ಜನ್ಮ ಕಂಕಣಬಲ ಇಲ್ಲ."

ನಿಂಗರಾಜು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಈ ಜನ್ಮದ್ದೇ ಸಾಕಾಗಿತ್ತು, ಇನ್ನು ಆರು ಯಾರು ಕಾಯುತ್ತಾರೆ?

"ನಂಜುಂಡಪ್ಪನ್ಗೆ ಅರಕೆ ಕಟ್ಕೊ. ವಿಸ ಕುಡ್ದು ಅರಗಿಸ್ಕಂಡೋನು, ಖಾರ ಇಳಿಸ್ದೆ ಇದ್ದಾನಾ?"

"ಈಡುಗಾಯಿ ಒಡೀತೀನಪ್ಪ," ಎಂದ ನಿಂಗರಾಜು. ಅಳಿಲು ಮಿಸುಕಲಿಲ್ಲ. "ಉರುಳುಸೇವೆ ಮಾಡ್ತೀನಿ." ಉಹುಂ.

"ಒಂದ್ ಜೀವ ಕೇಳ್ತಾ ಇದ್ದೀಯೆ, ಪಿರೂತಿದ್ ಏನಾರ ಕೊಡು," ಎಂದಳು ಮಲ್ಲಾಜಮ್ಮ, ಅವನ ತಲೆಯನ್ನೇ ನೋಡುತ್ತ.

ನಿಂಗರಾಜು ಗುಂಗುರು ಕೂದಲನ್ನೊಮ್ಮೆ ಸವರಿಕೊಂಡ. "ಮುಡಿ ಕೊಡ್ತೀನಿ ಸ್ವಾಮಿ," ಎನ್ನುತ್ತ ದಡಾರನೆ ಮಂಡಿಯೂರಿದ. ಮಂಡಿ ತಗುಲಿ ಕಬ್ಬಿಣದ ಬಕೆಟ್ಟು ಉರುಳಿತು. ಅಳಿಲು ಚಂಗನೆದ್ದು ಮಾಯವಾಯಿತು.

"ನಾಳೆ ಹೆಣ್ ನೋಡೋದದೆ ಕಣವ್ವ. ಮುಡಿ ಆಮೇಲ್ ಕೊಟ್ರಾಗಲ್ವಾ?"

"ಅರಕೆ ಉಳಿಸ್ಕಂಡು ತಾಳಿ ಕಟ್ತೀಯಾ? ಆ ತಾಳಿ ಉಳೀತದಾ?"

ಅವನು ಮುಂದಿನ ಬಸ್ಸಿಗೇ ನಂಜನಗೂಡಿಗೆ ಓಡಿದ. ಕಪಿಲೆಯ ದಡದಲ್ಲಿ ಗುಂಗುರು ಕೂದಲು ತೊಡೆಯ ಮೇಲೆ ಬಿದ್ದಾಗ ಕಣ್ಣಲ್ಲಿ ನೀರು ಬಂತು. ಹೋದರೆ ಹೋಯಿತು, ಪಾಪ ಕಳೆಯಿತಲ್ಲ ಎಂದು ಸಮಾಧಾನ ಮಾಡಿಕೊಂಡು, ನುಣ್ಣನೆ ತಲೆಗೆ ಗಂಧ ಬಳಿದುಕೊಂಡು ಊರಿಗೆ ಮರಳಿದ.

ಬಿಸಿಲು ಇನ್ನೂ ಇಳಿದಿರಲಿಲ್ಲ. ಹಿತ್ತಲಿಗೆ ಕಾಲಿಟ್ಟವನು ಅಲ್ಲೇ ಕಲ್ಲಾದ. ಅಳಿಲು ಮತ್ತೆ ಅದೇ ಕಲ್ಲಿನ ಮೇಲೆ, ಅದೇ ಭಂಗಿಯಲ್ಲಿ ಬಿದ್ದಿತ್ತು. ಅವನ ಕೈ ತಾನಾಗಿ ತಲೆಗೆ ಹೋಯಿತು. ಕೊಡಲು ಅಲ್ಲೇನೂ ಉಳಿದಿರಲಿಲ್ಲ.

"ಯಾಕ್ ಸಾ ಹೆದರ್ಕಂಡ್ರಿ? ಸತ್ತಿಲ್ಲ ಬುಡಿ," ಎಂದಿತು ಒಂದು ದನಿ. ಹಿತ್ತಲ ಮೆಟ್ಟಿಲ ಮೇಲೆ ವಿಭೂತಿ ಹಚ್ಚಿದ ಹಿರಿಯರೊಬ್ಬರು ಕೂತಿದ್ದರು. "ಬೇಸ್ಗೇಲಿ ತಣ್ಣಗಿರೋ ಕಲ್ ಸಿಕ್ಕುದ್ರೆ ಇಂಗೇ ಬೋರ್ಲು ಬಿದ್ಕತವೆ. ನಮ್ಮನೇಲೂ ದಿನಾ ಇದೇಯ."

ಮಾತು ಕೇಳಿದಂತೆ ಅಳಿಲು ಎದ್ದು, ಮೈಮುರಿದು, ಸೂರಿಗೆ ಹತ್ತಿ ಖಾರದ ತೆನೆಯನ್ನು ನೆಮ್ಮದಿಯಾಗಿ ತಿನ್ನತೊಡಗಿತು. ನಿಂಗರಾಜುವಿಗೆ ಅಳು ಬಂತು.

"ನಾನು ತಿ. ನರಸೀಪುರದ ಗುರುಮಲ್ಲಪ್ಪ, ಹೆಣ್ಣಿನ ತಂದೆ. ನಾಳೆಗ್ ಮುಂಚೆ ಮನೆ ನೋಡ್ಕಂಡೋಗವಾ ಅಂತ ಬಂದೆ. ಪಕ್ಕದಮ್ಮ ಇಲ್ಲಿ ಕೂರ್ಸಿ ಕಾಫಿ ತರಾಕೋದ್ರು."

ಹಿರಿಯರು ಜೇಬಿನಿಂದ ಗುಂಗುರು ಕೂದಲಿನ ಫೋಟೊ ತೆಗೆದು ಮೆಚ್ಚುಗೆಯಿಂದ ನೋಡಿದರು. ಆಮೇಲೆ ತಲೆಯೆತ್ತಿ, ಗಂಧದ ತಲೆಗೆ ವಿನಯದಿಂದ ಕೈಮುಗಿದರು.

"ಹುಡ್ಗ ಯಾವಾಗ ಬತ್ತಾರೆ? ತಾವು ಅವ್ರ ದೊಡ್ಡಪ್ಪನೋರಾ?"